ಗೊಬ್ಬರ ಇದೆ, ಗಿಡಕ್ಕೆ ತಲುಪುತ್ತಿಲ್ಲ: ಪಾಲಿಹೌಸ್ ಕ್ಯಾಪ್ಸಿಕಂನಲ್ಲಿ ಪೋಷಕಾಂಶದ ಕೊರತೆ

ಶಿರಸಿಯಲ್ಲಿ ಪಾಲಿಹೌಸ್ ಬೆಳೆಗಾರರ ಮುಂದೆ ಆಡಿದ ಮಾತುಗಳಿವು. ಕುಮಟಾ, ಅಂಕೋಲಾ, ಕಾರವಾರದ ಕಡೆಯಿಂದಲೂ ಕೆಲವರು ಬಂದಿದ್ದರು. ಮಾತಿನ ಭರದಲ್ಲಿ ಬಿಟ್ಟುಹೋದ ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕ್ಯಾಪ್ಸಿಕಂ ಗಿಡ ಹಳದಿಯಾಯಿತು ಅಂದರೆ ನಾವು ಮೊದಲು ಮಾಡುವ ಕೆಲಸ ಯಾವುದು? ಗೊಬ್ಬರದ ಅಂಗಡಿಗೆ ಎಲೆಯ ಫೋಟೋ ಕಳಿಸುವುದು. ಆ ಕಡೆಯಿಂದ ಒಂದು ಬಾಟಲಿಯ ಹೆಸರು ಬರುತ್ತದೆ. ತಂದು ಹೊಡೆಯುತ್ತೇವೆ. ಎಂಟು ದಿನ ಬಿಟ್ಟು ಇನ್ನೊಂದು ಫೋಟೋ, ಇನ್ನೊಂದು ಬಾಟಲಿ. ಹೀಗೇ ಬೆಳೆ ಮುಗಿಯುತ್ತದೆ, ದುಡ್ಡೂ ಮುಗಿಯುತ್ತದೆ.

ಇವತ್ತು ನಾನು ಹೇಳಲು ಬಂದದ್ದು ಒಂದೇ ಮಾತು. ಪಾಲಿಹೌಸಿನೊಳಗೆ ಕಾಣುವ ಕೊರತೆಗಳಲ್ಲಿ ಹೆಚ್ಚಿನವು ಗೊಬ್ಬರ ಕಡಿಮೆಯಾಗಿ ಬಂದವಲ್ಲ. ಗೊಬ್ಬರ ಬೇರಿನ ಹತ್ತಿರವೇ ಇರುತ್ತದೆ. ಗಿಡಕ್ಕೆ, ಅದರಲ್ಲೂ ಕಾಯಿಗೆ, ತಲುಪಿರುವುದಿಲ್ಲ. ಮಳೆಗಾಲದಲ್ಲಿ ದೇವಿಮನೆ ಘಾಟಿಯಲ್ಲಿ ಗುಡ್ಡ ಜರಿದರೆ ಕುಮಟೆಯಲ್ಲಿ ಎಷ್ಟು ಲಾರಿ ಸಾಮಾನು ನಿಂತಿದ್ದರೂ ಶಿರಸಿಗೆ ಏನು ಉಪಯೋಗ? ಇನ್ನಷ್ಟು ಲಾರಿ ಕಳಿಸಿದರೆ ಸಾಲು ಉದ್ದವಾಗುತ್ತದೆ, ಅಷ್ಟೇ. ಮೊದಲು ದಾರಿ ಬಿಡಿಸಬೇಕು. ಗಿಡದ ಮಟ್ಟಿಗೆ ಆ ದಾರಿ ಅಂದರೆ ನೀರು, ಮಣ್ಣಿನ ಹುಳಿ, ಬೇರಿನ ಆರೋಗ್ಯ ಮತ್ತು ಪಾಲಿಹೌಸಿನೊಳಗಿನ ಗಾಳಿ.

ನೀರಿನಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುವ ಕ್ಯಾಪ್ಸಿಕಂ ಗೊಬ್ಬರದ ಚಾರ್ಟುಗಳು ಹೆಚ್ಚಾಗಿ ಬಯಲುಸೀಮೆಯವು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯದು ಆಳದ ಬೋರ್‌ವೆಲ್ ನೀರು. ಗಡಸು ನೀರು. ಹಂಡೆಯ ಒಳಗೆ ಬಿಳಿ ಪದರ ಕಟ್ಟುವಂಥದ್ದು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಹುಳಿಯನ್ನು ತಡೆಯುವ ಬೈಕಾರ್ಬೊನೇಟ್ ಎಲ್ಲ ಕರಗಿಕೊಂಡೇ ಬರುತ್ತವೆ. ಹಾಗಾಗಿ ಅಲ್ಲಿಯ ಚಾರ್ಟಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಲೆಕ್ಕ ಹಿಡಿದು ಬರೆದಿರುತ್ತಾರೆ. ನೀರೇ ಒಂದಿಷ್ಟು ಕ್ಯಾಲ್ಸಿಯಂ ಕೊಡುತ್ತದಲ್ಲ. ಜೊತೆಗೆ ಬೈಕಾರ್ಬೊನೇಟ್ ಮುರಿಯಲು ನೈಟ್ರಿಕ್ ಇಲ್ಲವೇ ಫಾಸ್ಫಾರಿಕ್ ಆಸಿಡ್ ಹಾಕಲು ಹೇಳಿರುತ್ತಾರೆ. ಆ ನೀರಿಗೆ ಅದು ಸರಿಯೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಬಾವಿ ನೀರು ಬೇರೆ ಜಾತಿ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಕಾರವಾರದಲ್ಲಿ 3000 ದಾಟುತ್ತದೆ. ಸಾವಿರಾರು ವರ್ಷ ಇಷ್ಟು ಮಳೆ ತೊಳೆದ ಚಿರೇಕಲ್ಲಿನ ನೆಲದಲ್ಲಿ ಕರಗುವ ಸುಣ್ಣದ ಅಂಶ ಉಳಿದಿಲ್ಲ. ಬಾವಿಗೆ ಇಳಿಯುವ ನೀರು ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಮನೆಗೆ ಒಳ್ಳೆಯದೇ. ಆದರೆ ಕ್ಯಾಪ್ಸಿಕಂಗೆ ಈ ನೀರಿನಿಂದ ಸಿಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಬೈಕಾರ್ಬೊನೇಟ್ ಕೂಡ ತೀರಾ ಕಡಿಮೆ. ಹೀಗಾಗಿ ಬಯಲುಸೀಮೆಯ ಚಾರ್ಟಿನಂತೆ ಇಲ್ಲಿ ಆಸಿಡ್ ಹಾಕಿದರೆ ತಡೆಯುವವರು ಯಾರೂ ಇಲ್ಲ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಒಂದೇ ಸಲಕ್ಕೆ 4ರ ಹತ್ತಿರ ಇಳಿದು ಬೇರಿನ ತುದಿ ಸುಡುತ್ತದೆ. ಬೇರಿನ ತುದಿಯಲ್ಲೇ ಕ್ಯಾಲ್ಸಿಯಂ ಒಳಗೆ ಹೋಗುವುದು. ಅಂದರೆ ಒಂದೇ ಚಾರ್ಟು ಎರಡು ಕಡೆಯಿಂದ ಹೊಡೆತ ಕೊಡುತ್ತದೆ: ಕ್ಯಾಲ್ಸಿಯಂ ಸಾಲುವುದಿಲ್ಲ, ಇದ್ದದ್ದೂ ಒಳಗೆ ಹೋಗುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಶೇಕಡಾ 18.8ರಷ್ಟು ಕ್ಯಾಲ್ಸಿಯಂ, 15.5ರಷ್ಟು ಸಾರಜನಕ ಇರುತ್ತದೆ. ಲೀಟರ್ ನೀರಿಗೆ 1 ಗ್ರಾಂ ಹಾಕಿದರೆ 188 ಪಿಪಿಎಂ, ಅಂದರೆ ಲೀಟರಿಗೆ 188 ಮಿಲಿಗ್ರಾಂ, ಕ್ಯಾಲ್ಸಿಯಂ ಆಯಿತು. ಎಪ್ಸಮ್ ಸಾಲ್ಟ್, ಅಂದರೆ ನಾವು ಮೆಗ್ನೀಸಿಯಂ ಸಲ್ಫೇಟ್ ಅನ್ನುವುದು, ಲೀಟರಿಗೆ ಅರ್ಧ ಗ್ರಾಂ ಹಾಕಿದರೆ 48 ಪಿಪಿಎಂ ಮೆಗ್ನೀಸಿಯಂ. ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಚೀಲದಲ್ಲಿ ಬೆಳೆಯುವವರಿಗೆ ನಮ್ಮ ಮೆದು ನೀರಿನಲ್ಲಿ ಹೆಚ್ಚುಕಡಿಮೆ ಇಷ್ಟು ಬೇಕೇ ಬೇಕು. ಮಣ್ಣಿನ ಮಡಿಯಲ್ಲಿ ಬೆಳೆಯುವವರು ಮಣ್ಣು ಪರೀಕ್ಷೆಯ ಫಲ ನೋಡಿ ಕಡಿಮೆ ಮಾಡಿಕೊಳ್ಳಬಹುದು. ಒಂದೇ ನೆನಪಿಡಿ. ಕ್ಯಾಲ್ಸಿಯಂ ನೈಟ್ರೇಟನ್ನು ಎಪ್ಸಮ್ ಸಾಲ್ಟ್ ಜೊತೆಗೋ, 19 ಆಲ್ (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ 19:19:19 ಗೊಬ್ಬರ) ಜೊತೆಗೋ, ಪೊಟ್ಯಾಶ್ ಸಲ್ಫೇಟ್ ಜೊತೆಗೋ ಒಂದೇ ಡ್ರಮ್ಮಿನಲ್ಲಿ ಗಟ್ಟಿಯಾಗಿ ಕಲಸಬೇಡಿ. ಗಾಜಿನ ಬಾಟಲಿಯಲ್ಲಿ ಒಮ್ಮೆ ಕಲಸಿ ನೋಡಿ. ನೀರು ಹಾಲುಬಣ್ಣಕ್ಕೆ ತಿರುಗಿ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ಸಲ್ಫೇಟ್ ಜೊತೆ ಸೇರಿದರೆ ಅದು ಜಿಪ್ಸಂ, ರಂಜಕದ ಜೊತೆ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್. ಡ್ರಿಪ್ಪರ್ ಕಟ್ಟಿಸುವುದು ಅದೇ. ಗಿಡಕ್ಕೆ ಎರಡೂ ಸಿಗುವುದಿಲ್ಲ. ಎರಡು ಡ್ರಮ್ ಇಟ್ಟುಕೊಳ್ಳಿ, ಇಲ್ಲವೇ ದಿನ ಬದಲಿಸಿ ಬಿಡಿ.

ಇನ್ನು 19 ಆಲ್ ಬಗ್ಗೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಇದು ಕೆಟ್ಟ ಗೊಬ್ಬರವಲ್ಲ. ಆದರೆ ನಮ್ಮಲ್ಲಿ ಬಹಳ ಪಾಲಿಹೌಸುಗಳು ಇದೊಂದರ ಮೇಲೇ ನಡೆಯುತ್ತಿವೆ. ಇದರಲ್ಲಿ ಕ್ಯಾಲ್ಸಿಯಂ ಇಲ್ಲ. ಸಾರಜನಕದ ಅರ್ಧಕ್ಕಿಂತ ಹೆಚ್ಚು ಪಾಲು ಯೂರಿಯಾ ರೂಪದ್ದು. ಯೂರಿಯಾ ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ. ಅದು ನೈಟ್ರೇಟ್ ಆಗಲು ಬ್ಯಾಕ್ಟೀರಿಯಾ ಕೆಲಸ ಮಾಡಬೇಕು. ಹುಳಿ ಮಣ್ಣಿನಲ್ಲಿ ಆ ಬ್ಯಾಕ್ಟೀರಿಯಾ ನಿಧಾನ. ಅಮೋನಿಯಂ ಬೇರಿನ ಹತ್ತಿರ ಉಳಿದಷ್ಟೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಒಳಗೆ ಬಿಡದೆ ತಾನೇ ನುಗ್ಗುತ್ತದೆ. ಮೇಲಾಗಿ ಅಮೋನಿಯಂ ಹೀರುವಾಗ ಬೇರು ಹುಳಿ ಹೊರಗೆ ಬಿಡುತ್ತದೆ. ಪಿಎಚ್ ಇನ್ನೂ ಇಳಿಯುತ್ತದೆ. ಗಿಡ ಎಳೆಯದಿದ್ದಾಗ 19 ಆಲ್ ಕೊಡಿ, ಬೇಡ ಅನ್ನುವುದಿಲ್ಲ. ಕಾಯಿ ಕಚ್ಚಲು ಶುರುವಾದ ಮೇಲೆ ಸಾರಜನಕದ ದೊಡ್ಡ ಪಾಲು ಕ್ಯಾಲ್ಸಿಯಂ ನೈಟ್ರೇಟ್ ಮತ್ತು 13:0:45 (ಪೊಟ್ಯಾಶಿಯಂ ನೈಟ್ರೇಟ್) ಗೊಬ್ಬರದಿಂದಲೇ ಬರಲಿ.

ಮಣ್ಣಿನ ಹುಳಿಯ ಮಾತು ಬಂತಲ್ಲ, ಅದನ್ನು ಮುಗಿಸುತ್ತೇನೆ. ಕ್ಯಾಪ್ಸಿಕಂಗೆ ಹಿತವಾದ ಪಿಎಚ್ 6ರಿಂದ 6.8. ನಮ್ಮ ಮಣ್ಣು ಸಾಮಾನ್ಯವಾಗಿ ಅದಕ್ಕಿಂತ ಹುಳಿ, ಎಷ್ಟೋ ಕಡೆ 5.5ಕ್ಕಿಂತ ಕೆಳಗೆ. ಅಷ್ಟು ಹುಳಿಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಹಿಡಿದುಬಿಡುತ್ತವೆ. ಮ್ಯಾಂಗನೀಸ್ ಬೇಡದಷ್ಟು ಕರಗುತ್ತದೆ. ಮಾಲಿಬ್ಡಿನಂ ಸಿಗುವುದಿಲ್ಲ. ಇದಕ್ಕೆ ಬಾಟಲಿಯ ಮದ್ದು ಇಲ್ಲ. ನಾಟಿಗೆ ಮೊದಲು ಸುಣ್ಣ ಹಾಕುವುದೊಂದೇ ದಾರಿ.

ಯಾವ ಸುಣ್ಣ? ಕರಾವಳಿಯವರಿಗೆ ಚಿಪ್ಪಿ ಸುಣ್ಣ ಹೊಸದಲ್ಲ. ಅದರಲ್ಲಿ ಕ್ಯಾಲ್ಸಿಯಂ ಇದೆ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ನೆಲಕ್ಕೆ ಎರಡೂ ಬೇಕು. ಹಾಗಾಗಿ ನಾನು ಎರಡೂ ಇರುವ ಡಾಲೊಮೈಟ್ ಕಲ್ಲಿನ ಪುಡಿಯನ್ನೇ ಹೇಳುತ್ತೇನೆ. ಎಷ್ಟು ಹಾಕಬೇಕು ಅನ್ನುವುದು ಮಣ್ಣು ಪರೀಕ್ಷೆ ಮಾಡಿದವರು ಬರೆದುಕೊಡಬೇಕು. ಪಕ್ಕದ ಮನೆಯವರ ಲೆಕ್ಕ ನಿಮಗೆ ಬರುವುದಿಲ್ಲ. ಯಾಕೆಂದರೆ ಒಂದೇ ಪಿಎಚ್ ಇದ್ದರೂ ಜಿಗುಟು ಮಣ್ಣಿಗೆ ಸುಣ್ಣ ಜಾಸ್ತಿ ಬೇಕು, ಮರಳು ಮಣ್ಣಿಗೆ ಕಡಿಮೆ ಸಾಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಕೊಡಿ. ನಾಟಿಗೆ ಕನಿಷ್ಠ ಒಂದು ತಿಂಗಳು ಮೊದಲು ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ಕಲಸಿ, ಹಸಿ ಆರದಂತೆ ನೀರು ಕೊಡಿ. ಸುಮ್ನೆ ಮೇಲೆ ಎರಚಿದರೆ ಅದು ಅಲ್ಲೇ ಕೂರುತ್ತದೆ. ಸಗಣಿ ಗೊಬ್ಬರ, ಯೂರಿಯಾ ಜೊತೆ ಒಂದೇ ದಿನ ಸುಣ್ಣ ಹಾಕಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೇ ಗೊತ್ತಾಗುತ್ತದೆ.

ಬೋರಾನ್ ಕೂಡ ಇಷ್ಟು ಮಳೆಯಲ್ಲಿ ತೊಳೆದುಹೋಗುವಂಥದ್ದು. ಕಡಿಮೆಯಾದರೆ ಕುಡಿ ಮುರುಟುತ್ತದೆ, ಎಲೆ ಪೆಡಸಾಗಿ ಒತ್ತಿದರೆ ಮುರಿಯುತ್ತದೆ, ಹೂವು ಉದುರುತ್ತದೆ. ಹಾಗಂತ ಕೈ ಬಿಟ್ಟು ಹಾಕುವ ವಸ್ತು ಇದಲ್ಲ. ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವೆ ಅಂತರ ಬಹಳ ಕಡಿಮೆ. 10 ಗುಂಟೆಯ ಪಾಲಿಹೌಸಿಗೆ ಬೆಳೆಗೆ ಒಮ್ಮೆ 1 ಕೆಜಿ ಬೋರಾಕ್ಸ್, ಅದೂ ಪರೀಕ್ಷೆಯಲ್ಲಿ ಕಡಿಮೆ ಬಂದರೆ. ಅದರ ಮೇಲೆ ಹೋಗಬೇಡಿ.

ಈಗ ಎಲ್ಲರೂ ಕೇಳುವ ತುದಿ ಕೊಳೆಗೆ ಬರೋಣ. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಗಿಡ ನೋಡಲು ಚೆಂದವಿರುತ್ತದೆ, ಎಲೆ ಕಡು ಹಸಿರು ಇರುತ್ತದೆ, ಆದರೂ ಕ್ರೇಟಿನಿಂದ ಹೊರಗೆ ಎಸೆಯುವ ಕಾಯಿ ಮಾತ್ರ ದಿನಾ ಹೆಚ್ಚುತ್ತದೆ.

ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟಿನ ಕಡೆ ಏನೂ ಇಲ್ಲ. ಕೆಳಭಾಗದಲ್ಲಿ, ತುದಿಗೆ ಸ್ವಲ್ಪ ಮೇಲೆ ಒಂದು ಬದಿಗೆ, ಬಣ್ಣ ಕೆಟ್ಟ ಸಣ್ಣ ಮಚ್ಚೆ ಇರುತ್ತದೆ. ಮೊದಲ ದಿನ ಅಲ್ಲಿ ಬೆರಳಿಟ್ಟರೆ ಮೆತ್ತಗೆ, ನೀರು ತುಂಬಿಕೊಂಡಿರುತ್ತದೆ. ಮೂರ್ನಾಲ್ಕು ದಿನದಲ್ಲಿ ಅದು ಒಳಗೆ ಕುಗ್ಗಿ, ತಿಳಿ ಕಂದಾಗಿ, ತೆಳ್ಳಗೆ ಒಣಗುತ್ತದೆ. ಆಮೇಲೆ ಅದರ ಮೇಲೆ ಕಪ್ಪು ಬೂಸ್ಟು ಕೂರುತ್ತದೆ. ಬೂಸ್ಟು ನೋಡಿ ನಾವು ಶಿಲೀಂಧ್ರನಾಶಕ ಹೊಡೆಯುತ್ತೇವೆ. ಬೂಸ್ಟು ಬಂದದ್ದು ಸತ್ತ ಜಾಗಕ್ಕೆ. ಸಾಯಿಸಿದ್ದು ಅದಲ್ಲ. ಇನ್ನೊಂದು ಗುರುತು: ಇಂಥ ಕಾಯಿ ಜೊತೆಯ ಕಾಯಿಗಳಿಗಿಂತ ಮೊದಲೇ ಬಣ್ಣ ತಿರುಗುತ್ತದೆ. ಬಿಸಿಲಿಗೆ ಸುಟ್ಟ ಕಾಯಿಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರಿದ್ದಾರೆ. ಬಿಸಿಲು ಸುಡುವುದು ಬಿಸಿಲಿಗೆ ಎದುರಾದ ಬದಿಯನ್ನು, ಹೆಗಲ ಹತ್ತಿರ. ಎಲೆಯ ಮರೆಯಲ್ಲಿದ್ದ ಕಾಯಿಯ ಕೆಳಗೆ ಮಚ್ಚೆ ಇದ್ದರೆ ಅದು ತುದಿ ಕೊಳೆಯೇ.

ಆ ಜಾಗಕ್ಕೆ ಕ್ಯಾಲ್ಸಿಯಂ ಸಿಗಲಿಲ್ಲ. ಯಾಕೆ ಸಿಗಲಿಲ್ಲ? ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಮಾತ್ರ ಮೇಲೆ ಹೋಗುತ್ತದೆ. ಎಲೆ ಬೆವರಿದಷ್ಟು ನೀರು ಏರುತ್ತದೆ, ನೀರು ಏರಿದಷ್ಟು ಕ್ಯಾಲ್ಸಿಯಂ ಏರುತ್ತದೆ. ಒಮ್ಮೆ ಎಲೆಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಕ್ಯಾಪ್ಸಿಕಂ ಕಾಯಿಯ ಮೈಮೇಲೆ ಮೇಣದ ಪದರ. ಅದು ಬೆವರುವುದೇ ಇಲ್ಲ ಅನ್ನಬಹುದು. ಹಾಗಾಗಿ ಹಗಲು ಎಲೆಗಳು ನೀರನ್ನೆಲ್ಲ ಎಳೆದುಕೊಳ್ಳುತ್ತವೆ, ಕಾಯಿಗೆ ಉಳಿಯುವುದು ಅಲ್ಪ. ರಾತ್ರಿ ಎಲೆ ಬೆವರುವುದು ನಿಂತಾಗ ಬೇರು ತಾನೇ ಒತ್ತಡ ಹಾಕಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆಗ ಕಾಯಿಗೂ ಪಾಲು ಸಿಗುತ್ತದೆ. ಬೆಳಿಗ್ಗೆ ಬೇಗ ಒಳಗೆ ಹೋದರೆ ಎಲೆಯಂಚಿನಲ್ಲಿ ನೀರಿನ ಹನಿ ಸಾಲಾಗಿ ನಿಂತಿರುತ್ತದಲ್ಲ, ಅದು ಆ ಒತ್ತಡದ ಗುರುತು.

ಇಷ್ಟು ತಿಳಿದರೆ ಯಾವಾಗ ತುದಿ ಕೊಳೆ ಬರುತ್ತದೆ ಅನ್ನುವುದನ್ನು ನೀವೇ ಹೇಳಬಹುದು. ಮಾರ್ಚ್, ಏಪ್ರಿಲ್‌ನ ಒಣ ಮಧ್ಯಾಹ್ನ ಎಲೆ ವಿಪರೀತ ಬೆವರಿದಾಗ ಬರುತ್ತದೆ. ಕರೆಂಟು ಹೋಗಿ ಎರಡು ದಿನ ಮೋಟರ್ ಓಡದೆ, ಮೂರನೇ ದಿನ ಎರಡರಷ್ಟು ನೀರು ಬಿಟ್ಟಾಗ ಬರುತ್ತದೆ. ಸಂಜೆ ಮಡಿ ಒಣಗಿದ್ದು ರಾತ್ರಿ ಬೇರಿಗೆ ತಳ್ಳಲು ನೀರೇ ಇಲ್ಲದಾಗ ಬರುತ್ತದೆ. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದಾಗ ಬರುತ್ತದೆ. ಕಾಯಿ ದಪ್ಪ ಆಗಲಿ ಅಂತ ಪೊಟ್ಯಾಶ್ ಸುರಿದಾಗ ಬರುತ್ತದೆ. ಇವುಗಳಲ್ಲಿ ಯಾವುದಕ್ಕೂ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲದಿರುವುದು ಕಾರಣವಲ್ಲ, ಗಮನಿಸಿ.

ಹೊತ್ತು ಕೂಡ ಮುಖ್ಯ. ಹೂವು ಕಚ್ಚಿದ ಮೊದಲ ಎರಡು ಮೂರು ವಾರಗಳಲ್ಲಿ, ಕಾಯಿ ಹೆಬ್ಬೆರಳ ಗಾತ್ರದಿಂದ ಸರಸರ ಬೆಳೆಯುವಾಗ ಪೆಟ್ಟು ಬೀಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಆಮೇಲೆ. ಹಾಗಾಗಿ ಇವತ್ತು ಮಚ್ಚೆ ಕಂಡರೆ ಇವತ್ತಿನ ಗೊಬ್ಬರ ನೋಡಬೇಡಿ. ಹತ್ತು ಹದಿನೈದು ದಿನ ಹಿಂದೆ ಏನಾಗಿತ್ತು ಅಂತ ನೋಡಿ. ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿ. ಮೋಟರ್ ನಿಂತ ದಿನ, ಗೊಬ್ಬರ ಬದಲಿಸಿದ ದಿನ, ವಿಪರೀತ ಸೆಕೆ ಇದ್ದ ದಿನ ಗುರುತು ಹಾಕಿ. ಯಾವ ಬಾಟಲಿಗಿಂತಲೂ ಇದು ಹೆಚ್ಚು ಕೆಲಸ ಮಾಡುತ್ತದೆ ಅಂತ ನಾನು ನಂಬಿದ್ದೇನೆ.

ಮಾಡಬೇಕಾದ್ದು: ದಿನಕ್ಕೆ ಒಂದೇ ಸಲ ತುಂಬಾ ಬಿಡುವ ಬದಲು ನೀರನ್ನು ಮೂರ್ನಾಲ್ಕು ಸಲಕ್ಕೆ ಹಂಚಿ. ಬೇಸಿಗೆ ಮಧ್ಯಾಹ್ನ ನೆರಳು ಬಲೆ ಎಳೆಯಿರಿ. ಸಂಜೆ ಮಡಿ ಹಸಿ ಇರಲಿ, ಕೆಸರಾಗದಿರಲಿ. ಸಾಲಿನ ಕೊನೆಯ ಡ್ರಿಪ್ಪರ್ ಕೆಳಗೆ ಒಂದು ಲೋಟ ಇಟ್ಟು ನೋಡಿ. ನಮ್ಮ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುವ ನೀರು ಬಹಳ. ಪೈಪಿನಲ್ಲಿ ಕೆಂಪು ಗಸಿ ಕಟ್ಟಿ ಕೊನೆಯ ಗಿಡಗಳಿಗೆ ಅರ್ಧ ನೀರೂ ಸಿಗುತ್ತಿರುವುದಿಲ್ಲ. ತುದಿ ಕೊಳೆ ಸಾಲಿನ ಕೊನೆಯಲ್ಲೇ ಜಾಸ್ತಿ ಇದ್ದರೆ ರೋಗ ಪೈಪಿನದು. ಸಿಂಪಡಣೆ ಬೇಕೇ ಬೇಕು ಅನ್ನುವವರು ಲೀಟರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಎಳೆ ಕಾಯಿಗೇ ತಾಗುವಂತೆ ಸಂಜೆ ಹೊಡೆಯಿರಿ. ಎಲೆಗೆ ಹೊಡೆದದ್ದು ಕಾಯಿಗೆ ಹೋಗುವುದಿಲ್ಲ. ಮತ್ತೆ ಇದು ತಾತ್ಕಾಲಿಕ. ಅತಿ ಮಾಡಿದರೆ ಬಲಿತ ಕಾಯಿಯ ಮೇಲೆ ಸಣ್ಣ ಸಣ್ಣ ಚುಕ್ಕಿ ಬೀಳುತ್ತವೆ. ಅದು ಕ್ಯಾಲ್ಸಿಯಂ ಹೆಚ್ಚಾದ ಗುರುತು.

ಮಳೆಗಾಲದ ಕಥೆ ಇದಕ್ಕೆ ತಿರುಗಾಮುರುಗಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ, ಒಳಗೆ ತೇವ. ಎಲೆ ಬೆವರುವುದೇ ಇಲ್ಲ. ನೀರು ಏರುವುದಿಲ್ಲ. ಆಗ ಹೊಸ ಚಿಗುರಿನ ತುದಿ ಸುಡುತ್ತದೆ, ಎಲೆ ವಕ್ರವಾಗುತ್ತದೆ. ಮಳೆ ಬಿಡುವು ಕೊಟ್ಟಾಗ ಬದಿಯ ಪರದೆ ಎತ್ತಿ ಗಾಳಿ ಆಡಿಸಿ. ಮಳೆ ಬರುತ್ತದೆ ಅಂತ ದಿನವಿಡೀ ಮುಚ್ಚಿಡಬೇಡಿ. ಕೆಳಗಿನ ಹಳೆ ಎಲೆ ತೆಗೆಯಿರಿ. ಶೀಟಿನ ಮೇಲೆ ಹಸಿರು ಪಾಚಿ ಕಟ್ಟಿದ್ದರೆ ತೊಳೆಯಿರಿ. ಮೊದಲೇ ಬೆಳಕು ಕಡಿಮೆ. ಸಾರಜನಕ ಇಳಿಸಿ. ಬೆಳಕಿಲ್ಲದೆ ಸಾರಜನಕ ಕೊಟ್ಟರೆ ಗಿಡ ಮೆದುವಾಗಿ ಉದ್ದ ಹೋಗುತ್ತದೆ, ಹೂವು ನಿಲ್ಲುವುದಿಲ್ಲ.

ಎಲೆ ನೋಡಿ ಕೊರತೆ ಗುರುತಿಸುವುದಕ್ಕೆ ಒಂದೇ ಪ್ರಶ್ನೆಯಿಂದ ಹೊರಡಬೇಕು: ಹಳೆ ಎಲೆಯೋ, ಹೊಸ ಎಲೆಯೋ? ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ. ಕಡಿಮೆ ಬಿದ್ದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಗುರುತು ಕೆಳಗೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಹೋದಲ್ಲೇ ಉಳಿಯುತ್ತವೆ. ಗುರುತು ಮೇಲೆ. ಕೆಳಗಿನ ಎಲೆ ಪೂರಾ ಮಾಸಿದ ಹಳದಿಯಾದರೆ ಸಾರಜನಕ. ಅಂಚು ಸುಟ್ಟರೆ ಪೊಟ್ಯಾಶ್. ಇವೆರಡೂ ಎಲ್ಲರಿಗೂ ಗೊತ್ತು.

ನಮ್ಮಲ್ಲಿ ತಪ್ಪಿಹೋಗುವುದು ಮೆಗ್ನೀಸಿಯಂ. ಮೊದಲ ಕಾಯಿ ತುಂಬಿ ಗಿಡಕ್ಕೆ ಭಾರ ಬಿದ್ದ ಹೊತ್ತಿಗೆ ಇದು ಕಾಣಿಸುತ್ತದೆ. ಗಿಡ ಕವಲೊಡೆದ ಜಾಗದ ಸುತ್ತಿನ ಎಲೆ ಹಿಡಿದು ಬೆಳಕಿಗೆ ನೋಡಿ. ನರ ಹಸಿರಾಗೇ ಇರುತ್ತದೆ, ನರಗಳ ನಡುವೆ ಹಳದಿ. ಬುಡದ ಕಡೆ ಹಸಿರು ಸ್ವಲ್ಪ ಹೊತ್ತು ಉಳಿಯುತ್ತದೆ. ಇದನ್ನು ಎಲೆ ಹಣ್ಣಾಯಿತು ಅಂತ ಬಿಟ್ಟುಬಿಡುತ್ತೇವೆ. ಲೀಟರಿಗೆ 10 ಗ್ರಾಂ ಎಪ್ಸಮ್ ಸಾಲ್ಟ್ ವಾರ ಬಿಟ್ಟು ಎರಡು ಮೂರು ಸಲ ಹೊಡೆದರೆ ಮುಂದಿನ ಎಲೆಗಳು ಸರಿಯಾಗುತ್ತವೆ. ಹಳದಿಯಾದದ್ದು ಮತ್ತೆ ಪೂರಾ ಹಸಿರಾಗುತ್ತದೆ ಅಂತ ಕಾಯಬೇಡಿ. ಆದರೆ ಪೊಟ್ಯಾಶ್ ಅತಿಯಾಗಿ ಕೊಡುತ್ತಾ ಎಪ್ಸಮ್ ಹೊಡೆಯುತ್ತಾ ಹೋದರೆ ಮುಗಿಯುವ ಕೆಲಸವಲ್ಲ ಅದು. ಪೊಟ್ಯಾಶ್ ಕಡಿಮೆ ಮಾಡಿ.

ಇದೇ ಹಳದಿ, ಇದೇ ಹಸಿರು ನರ, ಆದರೆ ತುದಿಯ ಎಲೆಯಲ್ಲಿ ಅಂದರೆ ಕಬ್ಬಿಣ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅನ್ನಲು ಸಾಧ್ಯವಾ? ರಾಶಿ ಇದೆ. ಹಾಗಿದ್ದೂ ಕೊರತೆ ಕಂಡರೆ ಒಂದೋ ಸುಣ್ಣ ಅತಿಯಾಗಿದೆ, ಇಲ್ಲವೇ ಮಡಿಯಲ್ಲಿ ನೀರು ನಿಂತು ಬೇರಿಗೆ ಉಸಿರಿಲ್ಲ. ಗಿಡ ಕಿತ್ತು ಬೇರು ನೋಡಿ. ಬಿಳಿ ಬೇರು ಇಲ್ಲದಿದ್ದರೆ ಎಷ್ಟು ಚೀಲೇಟ್ (ಬೇರಿಗೆ ಸಿಗುವಂತೆ ಹಿಡಿದಿಟ್ಟ ಕಬ್ಬಿಣದ ಗೊಬ್ಬರ) ಹಾಕಿದರೂ ವ್ಯರ್ಥ. ಮೊದಲು ನೀರು ಬಸಿಯಬೇಕು. ಚೀಲೇಟ್ ಬೇಕಾದಾಗಲೂ ನಮ್ಮ ಪಿಎಚ್‌ಗೆ ಇಡಿಟಿಎ ಅನ್ನುವ ಬಗೆ ಸಾಕಾಗುತ್ತದೆ. ಅದು 6ರ ಆಸುಪಾಸಿನ ತನಕ ಹಿಡಿದಿಡುತ್ತದೆ. ದುಬಾರಿ ಇಡಿಡಿಎಚ್‌ಎ ಸುಣ್ಣದ ಮಣ್ಣಿನವರಿಗೆ.

ಗಿಡ ಕೀಳುವ ಮಾತು ಬಂದದ್ದು ಒಳ್ಳೆಯದಾಯಿತು. ಕೊರತೆ ಅಂತ ತೋರಿಸುವ ಗಿಡಗಳಲ್ಲಿ ಎಷ್ಟೋ ಕೊರತೆಯವಲ್ಲ. ಬೇರಿನಲ್ಲಿ ಸಣ್ಣ ಗಂಟುಗಳಿದ್ದರೆ ಅದು ಜಂತುಹುಳು. ಎಳೆ ಎಲೆ ಕೆಳಕ್ಕೆ ಮಡಚಿ ಕುಡಿ ಮುರುಟಿದ್ದರೆ ಬೋರಾನ್ ಅನ್ನುವ ಮೊದಲು ಲೆನ್ಸ್ ಇಟ್ಟು ಎಲೆಯ ಅಡಿಯಲ್ಲಿ ನುಸಿ ಹುಡುಕಿ. ಎಲೆ ಮೇಲಕ್ಕೆ ದೋಣಿಯಾಗಿ ಮಡಚಿದ್ದರೆ ಥ್ರಿಪ್ಸ್. ಹಸಿರಾಗಿರುವ ಗಿಡವೇ ಹಗಲು ಬಾಡಿದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಡಿ. ಬಿಳಿ ದಾರ ಇಳಿದರೆ ಅದು ಬ್ಯಾಕ್ಟೀರಿಯಾದ ಬಾಡು ರೋಗ. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ.

ಇನ್ನು ಉಪ್ಪು. ಪಾಲಿಹೌಸಿನೊಳಗೆ ಮಳೆ ಬೀಳುವುದಿಲ್ಲ. ಹೊರಗೆ ನಮ್ಮ ಮಳೆ ಎಲ್ಲವನ್ನೂ ತೊಳೆಯುತ್ತದೆ, ಒಳಗೆ ಹಾಕಿದ್ದೆಲ್ಲ ಉಳಿಯುತ್ತದೆ. ಎರಡು ಮೂರು ಬೆಳೆ ಆದ ಮೇಲೆ ಮಡಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಆಗ ಬೇರಿಗೆ ನೀರು ಎಳೆಯುವುದೇ ಕಷ್ಟ. ಎಲೆಯಂಚು ಸುಡುತ್ತದೆ. ನಾವು ಕೊರತೆ ಅಂತ ಇನ್ನಷ್ಟು ಗೊಬ್ಬರ ಹಾಕುತ್ತೇವೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಇಸಿ ಮೀಟರ್ ಒಂದು ಇಟ್ಟುಕೊಳ್ಳಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಮಳೆ ನೀರು ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಅದ್ದಿ. ಇಸಿ 1 (ಮಿಲಿಸೀಮೆನ್ಸ್/ಸೆಂ.ಮೀ.) ದಾಟಿದ್ದರೆ ಗೊಬ್ಬರ ನಿಲ್ಲಿಸಿ ಒಳ್ಳೆ ನೀರಿನಲ್ಲಿ ಮಡಿ ತೊಳೆಯಬೇಕು. ಬೆಳೆ ಮುಗಿದ ಮೇಲೆ ತೊಳೆಯುವುದು ಇನ್ನೂ ಒಳ್ಳೆಯದು.

ಆ ಒಳ್ಳೆ ನೀರು ನಿಮ್ಮ ತಲೆಯ ಮೇಲೇ ಬೀಳುತ್ತಿದೆ. 10 ಗುಂಟೆ ಅಂದರೆ ಸುಮಾರು 1000 ಚದರ ಮೀಟರ್. 1 ಮಿಲಿಮೀಟರ್ ಮಳೆಗೆ ಆ ಶೀಟಿನ ಮೇಲೆ 1000 ಲೀಟರ್. ನಮ್ಮ ಆಷಾಢದಲ್ಲಿ 100 ಮಿಲಿಮೀಟರ್ ಸುರಿದ ಒಂದೇ ದಿನ 1 ಲಕ್ಷ ಲೀಟರ್. ಅದನ್ನು ಗಟಾರಕ್ಕೆ ಬಿಡುತ್ತಿದ್ದೇವೆ. 2 ಲಕ್ಷ ಲೀಟರಿನ ಒಂದು ಹೊಂಡ ತೋಡಿ ಶೀಟ್ ಹಾಸಿ, ಮೇಲೆ ನೆರಳು ಮುಚ್ಚಿದರೆ ಏನಾಗುತ್ತದೆ ನೋಡಿ. 2500 ಗಿಡಕ್ಕೆ ದಿನಕ್ಕೆ ಒಂದೂವರೆ ಲೀಟರಿನಂತೆ 3750 ಲೀಟರ್. ಒಂದೂವರೆ ತಿಂಗಳು ಬರುತ್ತದೆ. ಶಿರಸಿಯವರಿಗೆ ಇದು ಅನುಕೂಲ, ಕರಾವಳಿಯವರಿಗೆ ಇದಿಲ್ಲದೆ ಆಗುವುದೇ ಇಲ್ಲ.

ಪ್ರಶ್ನೆಗಳಲ್ಲಿ ಮೊದಲನೆಯದು ಸಿದ್ದಾಪುರದ ಕಡೆಯ ಅಕ್ಕ ಒಬ್ಬರದು. ರಾಸಾಯನಿಕ ಬೇಡ ಅನ್ನುವವರು ಏನು ಮಾಡಬೇಕು, ಬೆಟ್ಟದ ಸೊಪ್ಪು, ಸಗಣಿ, ಜೀವಾಮೃತದಲ್ಲಿ ಆಗುವುದಿಲ್ಲವಾ ಅಂತ ಕೇಳಿದರು.

ಆಗುತ್ತದೆ ಅಕ್ಕ, ಆದರೆ ಹೊತ್ತು ಬೇಕು. ಡಾಲೊಮೈಟ್, ಚಿಪ್ಪಿ ಸುಣ್ಣ ಎರಡೂ ನಿಸರ್ಗದಿಂದ ಬಂದವೇ. ನಾಟಿಗೆ ಮೊದಲೇ ಮಣ್ಣು ಸೇರಲಿ. ಮೂಳೆ ಗೊಬ್ಬರದಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಇವೆ. ಹುಳಿ ಮಣ್ಣಿನಲ್ಲಿ ಅದು ಚೆನ್ನಾಗಿಯೇ ಕರಗುತ್ತದೆ. ಬೂದಿಯಲ್ಲಿ ಪೊಟ್ಯಾಶ್ ಇದೆ, ಹಿಡಿತದಲ್ಲಿ ಹಾಕಿ. ಎಚ್ಚರ ಬೇಕಾದದ್ದು ಒಂದೇ ಕಡೆ. ಅಡಿಕೆ ತೋಟಕ್ಕೆ ಹಾಕಿದ ಹಾಗೆ ದರಕು (ಒಣಗಿದ ಎಲೆ), ಹಸಿ ಸೊಪ್ಪು, ಉಮಿಯನ್ನು ಅರೆ ಕೊಳೆತ ಸ್ಥಿತಿಯಲ್ಲಿ ಪಾಲಿಹೌಸ್ ಮಡಿಗೆ ಹಾಕಬೇಡಿ. ಅದನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದುಕೊಳ್ಳುತ್ತವೆ. ಗಿಡ ಒಂದೆರಡು ತಿಂಗಳು ಹಳದಿಯಾಗಿ ನಿಂತುಬಿಡುತ್ತದೆ. ಅಡಿಕೆ ಮರ ಕಾಯುತ್ತದೆ, ಕ್ಯಾಪ್ಸಿಕಂಗೆ ಆ ತಾಳ್ಮೆ ಇಲ್ಲ. ಪೂರಾ ಕಳಿತ ಗೊಬ್ಬರ ಮಾತ್ರ ಬಳಸಿ. ಜೀವಾಮೃತ ಕೊಡಿ. ಆದರೆ ಈ ಬೆಳೆಗೆ ಬೇಕಾದ ಕ್ಯಾಲ್ಸಿಯಂ ಲೆಕ್ಕ ಅದರಿಂದ ತುಂಬುವುದಿಲ್ಲ. ಅದಕ್ಕೆ ಸುಣ್ಣವೇ ಬೇಕು.

ಎರಡನೆಯದು ಕಾರವಾರದ ತರುಣ ಬೆಳೆಗಾರರೊಬ್ಬರದು. ಕಾಳಿ ಹೊಳೆಯ ಹತ್ತಿರ ಅವರ ಜಾಗ. ಕರಾವಳಿಯಲ್ಲಿ ಕ್ಯಾಪ್ಸಿಕಂ ಬೆಳೆಯಬಹುದಾ ಅಂದರು.

ವರ್ಷವಿಡೀ ಬೇಡ. ಹಗಲು 32 ಡಿಗ್ರಿ ದಾಟಿದರೆ ಹೂವು ಉದುರುತ್ತದೆ. ಮಳೆಗಾಲದಲ್ಲಿ ಗಾಳಿ ಪೂರಾ ಒದ್ದೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ನಾಟಿ ಮಾಡಿ, ಬೇಸಿಗೆಯ ಸೆಕೆ ಬಲಿಯುವ ಮೊದಲು ದೊಡ್ಡ ಕೊಯ್ಲು ಮುಗಿಯುವಂತೆ ನೋಡಿಕೊಳ್ಳಿ. ಬಣ್ಣದ ಕಾಯಿಗೆ ಗಿಡದ ಮೇಲೆ ಹೆಚ್ಚು ದಿನ ಬೇಕು. ಮೊದಲ ವರ್ಷ ಹಸಿರು ಕಾಯಿಯನ್ನೇ ಕೊಯ್ಯಿರಿ. ಕೋಕೋಪೀಟ್ ಬಳಸುವುದಾದರೆ ಉಪ್ಪು ನೀರಿನಲ್ಲಿ ನೆನೆಸಿದ ಸಿಪ್ಪೆಯದ್ದಾ ಅಂತ ಕೇಳಿ ತನ್ನಿ. ಅದರಲ್ಲಿ ಸೋಡಿಯಂ, ಪೊಟ್ಯಾಶಿಯಂ ಹಿಡಿದಿರುತ್ತವೆ. ನಾಟಿಗೆ ಮೊದಲು ಒಳ್ಳೆ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ತೊಳೆಯಬೇಕು. ಹಾಗೆ ಮಾಡದಿದ್ದರೆ ನೀವು ಕೊಟ್ಟ ಮೊದಮೊದಲ ಕ್ಯಾಲ್ಸಿಯಂ ಎಲ್ಲ ಪೀಟಿಗೇ ಹೋಗುತ್ತದೆ.

ನಿಮಗೆ ದೊಡ್ಡ ತೊಂದರೆ ಬಾವಿಯದು. ಹೊಳೆಯ ಬಾಯಿಯ ಹತ್ತಿರದ ಬಾವಿಗಳಲ್ಲಿ ಫೆಬ್ರವರಿ ನಂತರ ಸಿಹಿ ನೀರು ಇಳಿದು ಉಪ್ಪು ಏರುತ್ತದೆ. ಕ್ಯಾಪ್ಸಿಕಂ ಉಪ್ಪು ತಡೆಯುವ ಬೆಳೆಯಲ್ಲ. ಬೇರಿನ ಸುತ್ತಿನ ಮಣ್ಣಿಗೆ ನೀರು ತುಂಬಿಸಿ ಹಿಂಡಿ ತೆಗೆದ ರಸದ ಇಸಿ (ಮೊದಲು ಹೇಳಿದ ತೆಳು ಕಲಕಿನದ್ದಲ್ಲ) 1.5 ದಾಟಿದ ಮೇಲೆ ಇಳುವರಿ ಇಳಿಯುತ್ತಲೇ ಹೋಗುತ್ತದೆ. ಜೊತೆಗೆ ಸೋಡಿಯಂ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತದೆ. ಜನವರಿಯಿಂದಲೇ ವಾರಕ್ಕೊಮ್ಮೆ ಬಾವಿ ನೀರಿಗೆ ಮೀಟರ್ ಅದ್ದಿ ಬರೆದಿಡಿ. ಮಳೆ ನೀರಿನ ಹೊಂಡ ಇದ್ದರೆ ಆಗ ಕಲಸಲು ಶುರು ಮಾಡಬಹುದು. ಬಾವಿಯದು 1.6, ಹೊಂಡದ್ದು 0.1 ಅಂದುಕೊಳ್ಳಿ. ಅರ್ಧ ಅರ್ಧ ಸೇರಿಸಿದರೆ 0.85ರ ಹತ್ತಿರ ಬರುತ್ತದೆ. ಅದರ ಮೇಲೆ ಗೊಬ್ಬರ ಸೇರಿ 1.8 ದಾಟದಂತೆ ನೋಡಿಕೊಳ್ಳಿ. ಕೊಟ್ಟ ನೀರಿನಲ್ಲಿ ಒಂದಿಷ್ಟು ಪಾಲು ಬೇರು ದಾಟಿ ಕೆಳಗೆ ಬಸಿದುಹೋಗಲಿ. ಎರಡೂ ನೀರಿನ ಇಸಿ ಬರೆದ ಪುಸ್ತಕ ಇದ್ದರೆ ತನ್ನಿ, ಎಷ್ಟು ಗೊಬ್ಬರ ಅಂತ ಕೂತು ಲೆಕ್ಕ ಹಾಕೋಣ.